ಹೊಸ ಬೈಕಿನ ಬಿಸಿಗೆ ಮೂರು ಮದ್ದು: ಆಯಿಲ್, ಸೈಲೆನ್ಸರ್ ಪಟ್ಟಿ, ಬ್ರೇಕ್ ಪೆಡಲ್

ಹೊಸ ಬೈಕ್ ತಂದ ಮೊದಲ ವಾರವೇ ಬಲಗಾಲಿನ ಒಳಗಡೆ ಕೆಂಪಾಗಿತ್ತು. ಜೀನ್ಸ್ ಹಾಕಿದ್ದರೂ ಸಿಗ್ನಲ್‌ನಲ್ಲಿ ನಿಂತರೆ ಒಲೆ ಪಕ್ಕ ಕೂತ ಹಾಗೆ. ನನ್ನದು ರೇಡಿಯೇಟರ್ ಇಲ್ಲದ ಎಂಜಿನ್. ಗಾಡಿ ಓಡುತ್ತಿದ್ದರೆ ಗಾಳಿ ಬಡಿದು ತಣ್ಣಗಾಗುತ್ತದೆ, ನಿಂತರೆ ಅದೂ ಇಲ್ಲ. ಜೊತೆಗೆ ಹೊಸದರಲ್ಲಿ ಪಿಸ್ಟನ್ ರಿಂಗ್ ಇನ್ನೂ ಸಿಲಿಂಡರ್‌ಗೆ ಒಗ್ಗಿರುವುದಿಲ್ಲ, ಉಜ್ಜಾಟ ಜಾಸ್ತಿ. ಹಾಗಂತ ಸುಮ್ನೆ ಕೂರಲು ಮನಸ್ಸಾಗಲಿಲ್ಲ. ಮೂರು ಮದ್ದನ್ನು ಒಂದೊಂದಾಗಿ ಮಾಡಿ ನೋಡಿದೆ. ಪ್ರತಿ ಸಲ ಅದೇ ರಸ್ತೆ, ಅದೇ ಸಂಜೆ ಹೊತ್ತು.

ಮೊದಲು ಆಯಿಲ್. ಫಸ್ಟ್ ಸರ್ವಿಸ್‌ನಲ್ಲಿ ಮಿನರಲ್ ಆಯಿಲ್ ತೆಗೆಸಿ ಫುಲ್ ಸಿಂಥೆಟಿಕ್ ಹಾಕಿಸಿದೆ. ಗ್ರೇಡ್ ಮಾತ್ರ ಮ್ಯಾನ್ಯುವಲ್‌ನಲ್ಲಿ ಇದ್ದದ್ದೇ. ಡಬ್ಬದ ಮೇಲೆ ಜೆಎಎಸ್‌ಒ ಎಂಎ2 (ಬೈಕಿನ ಕ್ಲಚ್‌ಗೆ ಹೊಂದುವ ಆಯಿಲ್ ಎಂಬ ಗುರುತು) ಅಂತ ಇದೆಯಾ ಎಂದು ನೋಡಿಕೊಂಡೆ. ಬೈಕಿನ ಕ್ಲಚ್ ಸಾಮಾನ್ಯವಾಗಿ ಅದೇ ಆಯಿಲ್‌ನಲ್ಲಿ ಮುಳುಗಿರುತ್ತದೆ, ಕಾರಿನ ಆಯಿಲ್ ಹಾಕಿದರೆ ಜಾರಬಹುದು. ಗೇರ್ ಬೆಣ್ಣೆ ಹಾಗೆ ಬೀಳತೊಡಗಿತು. ದೂರ ಓಡಿಸಿದ ಮೇಲೂ ಎಂಜಿನ್ ಸದ್ದು ಒರಟಾಗಲಿಲ್ಲ. ಆದರೆ ಕಾಲಿಗೆ ತಾಗುವ ಬಿಸಿ ಹಾಗೇ ಇತ್ತು.

ಆಮೇಲೆ ಸೈಲೆನ್ಸರ್ ಪೈಪಿಗೆ ಗ್ಲಾಸ್ ಫೈಬರ್ ಪಟ್ಟಿ. ನೀರಲ್ಲಿ ನೆನೆಸಿ, ಬಿಗಿಯಾಗಿ ಸುತ್ತಿ, ಸ್ಟೀಲ್ ಕ್ಲಿಪ್ ಹಾಕಿದೆ. ಮೊದಲ ಸಲ ಓಡಿಸಿದಾಗ ಹೊಗೆ ಎದ್ದು ಸುಟ್ಟ ವಾಸನೆ ಬಂತು. ಗಾಬರಿಯಾಗಿ ಬದಿಗೆ ನಿಲ್ಲಿಸಿಬಿಟ್ಟೆ. ಹೊಸ ಪಟ್ಟಿ ಹಾಗೇ ಅಂತೆ, ಎರಡು ದಿನದಲ್ಲಿ ನಿಂತಿತು. ಕಾಲಿಗೆ ಇದರಷ್ಟು ಆರಾಮ ಬೇರೆ ಯಾವುದೂ ಕೊಡಲಿಲ್ಲ. ಆದರೆ ಇದು ಬಿಸಿಯನ್ನು ಪೈಪಿನೊಳಗೇ ಹಿಡಿದಿಡುತ್ತದೆ, ಎಂಜಿನ್ ತಣ್ಣಗಾಗುವುದಿಲ್ಲ. ಕಾಲಿನ ಬಿಸಿ ಬೇರೆ, ಎಂಜಿನ್ ಬಿಸಿ ಬೇರೆ ಅಂತ ನನಗೆ ಹೊಳೆದದ್ದು ಆಗಲೇ. ಎರಡು ಮಳೆ ಆದ ಮೇಲೆ ಬಿಚ್ಚಿ ನೋಡಿದರೆ, ಒದ್ದೆ ಪಟ್ಟಿಯ ಕೆಳಗೆ ಪೈಪಿನ ತುಂಬ ತುಕ್ಕಿನ ಚುಕ್ಕಿ. ಹೊಟ್ಟೆ ಉರಿಯಿತು. ತೆಗೆದು ಹಾಕಿದೆ. ಸ್ಟೇನ್‌ಲೆಸ್ ಪೈಪ್ ಆಗಿದ್ದರೆ ಬಿಡುತ್ತಿದ್ದೆನೋ ಏನೋ.

ಕೊನೆಯದು ಖರ್ಚೇ ಇಲ್ಲದ್ದು. ಒಂದು ಭಾನುವಾರ ಚೈನ್‌ಗೆ ಎಣ್ಣೆ ಬಿಡಲು ಬೈಕನ್ನು ಸೆಂಟರ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರ ತಿರುಗಿಸಿದೆ. ಒಂದು ಸುತ್ತೂ ಪೂರ್ತಿ ಬರಲಿಲ್ಲ, ಸರ್ ಅಂತ ಉಜ್ಜಿ ನಿಂತಿತು. ಶೋರೂಮ್‌ನಿಂದ ಬಂದಾಗಿಂದ ಬ್ರೇಕ್ ಪೆಡಲ್ ಆಟವೇ (ಬ್ರೇಕ್ ಹಿಡಿಯುವ ಮುಂಚೆ ಪೆಡಲ್ ಖಾಲಿ ಇಳಿಯುವಷ್ಟು ಜಾಗ) ಇಲ್ಲದಷ್ಟು ಬಿಗಿಯಿತ್ತು. ಅಂದರೆ ಅಷ್ಟು ದಿನ ಬ್ರೇಕ್ ಹಿಡಿದ ಚಕ್ರವನ್ನೇ ಎಂಜಿನ್ ಎಳೆಯುತ್ತಿತ್ತು, ಪಾಪ. ನಟ್ ಸಡಿಲಿಸಿ, ಮ್ಯಾನ್ಯುವಲ್ ಹೇಳಿದಷ್ಟು ಆಟ ಕೊಟ್ಟೆ. ಚೈನ್ ಕೂಡ ಬಿಗಿ ಇತ್ತು, ಸರಿ ಮಾಡಿದೆ. ಈಗ ತಿರುಗಿಸಿದರೆ ಚಕ್ರ ಮೂರು ನಾಲ್ಕು ಸುತ್ತು ಹಗುರಾಗಿ ಹೋಗುತ್ತದೆ. ಆವತ್ತು ಸಂಜೆಯೇ ವ್ಯತ್ಯಾಸ ಗೊತ್ತಾಯಿತು. ಅರ್ಧ ಕ್ಲಚ್ ಹಿಡಿದು ತೆವಳುವುದನ್ನೂ ಬಿಟ್ಟೆ. ದೊಡ್ಡ ಸಿಗ್ನಲ್‌ನಲ್ಲಿ ಆಫ್ ಮಾಡುತ್ತೇನೆ.

ನಡುವೆ ಹೈ ಆಕ್ಟೇನ್ ಪೆಟ್ರೋಲ್ ಕೂಡ ಒಂದು ಟ್ಯಾಂಕ್ ಹಾಕಿಸಿದ್ದೆ. ಏನೂ ಬದಲಾಗಲಿಲ್ಲ.

ನನ್ನನ್ನು ಕೇಳಿದರೆ ಮೊದಲು ಚಕ್ರ ತಿರುಗಿಸಿ ನೋಡಿ, ಆಮೇಲೆ ಆಯಿಲ್. ಪಟ್ಟಿ ಬರೀ ಕಾಲಿಗಾಗಿ, ಅದೂ ಮಳೆ ಕಮ್ಮಿ ಇದ್ದರೆ. ಇಷ್ಟೆಲ್ಲ ಮಾಡಿದ ಮೇಲೂ ಆಯಿಲ್ ಕಮ್ಮಿಯಾಗುತ್ತಿದ್ದರೆ, ಇಲ್ಲವೇ ಬಿಸಿಯಾದಾಗ ಗಾಡಿ ಎಳೆಯದೇ ಹೋದರೆ, ವಾರಂಟಿ ಇರುವಾಗಲೇ ಸರ್ವಿಸ್‌ಗೆ ಒಯ್ಯಿರಿ.