ಡೈಲಾಗ್ ಸ್ಕ್ರೀನ್ ಪೂರ್ತಿ ತುಂಬಬೇಕಾ? ಸೆಟ್‌ಲೇಔಟ್, ಥೀಮ್, ಫ್ರಾಗ್ಮೆಂಟ್, ಕಂಪೋಸ್ ಹಾಕಿ ನೋಡಿದೆ

ಆಂಡ್ರಾಯ್ಡ್‌ನಲ್ಲಿ ಲೇಔಟ್‌ಗೆ ಮ್ಯಾಚ್ ಪೇರೆಂಟ್ (ಇರುವ ಜಾಗ ಪೂರ್ತಿ ತುಂಬು ಅನ್ನುವ ಅಳತೆ) ಕೊಟ್ಟರೂ ಡೈಲಾಗ್ (ಪುಟದ ಮೇಲೆ ತೆರೆಯುವ ಕಿಟಕಿ) ಮಾತ್ರ ನಡುವೆ ಸಣ್ಣ ಡಬ್ಬಿಯ ಹಾಗೆ ಕೂತಿರುತ್ತದೆ ಅಲ್ವಾ? ತಪ್ಪು ಲೇಔಟ್‌ದಲ್ಲ. ಡೈಲಾಗ್‌ಗೆ ತನ್ನದೇ ವಿಂಡೋ ಇದೆ, ಮಾಮೂಲಿ ಥೀಮ್‌ನಲ್ಲಿ ಅದು ಒಳಗಿನ ವಿಷಯದ ಅಳತೆಗೆ ಕುಗ್ಗುತ್ತದೆ. ಖರ್ಚು ಬರೆದಿಡುವ ಒಂದೇ ಫಾರ್ಮನ್ನು, ಕೆಳಗೆ ‘ಉಳಿಸಿ’ ಬಟನ್ ಇಟ್ಟು, ಬೇರೆ ಬೇರೆ ರೀತಿಯಲ್ಲಿ ಹಾಕಿ ನೋಡಿದೆ.

ವಿಂಡೋದ ಅಳತೆ ಹೇಳುವ ಸೆಟ್‌ಲೇಔಟ್ ಎಲ್ಲಕ್ಕಿಂತ ಸುಲಭ. ಡೈಲಾಗ್‌ಫ್ರಾಗ್ಮೆಂಟ್‌ನ (ಡೈಲಾಗನ್ನು ನೋಡಿಕೊಳ್ಳುವ ಕ್ಲಾಸ್) ಆನ್‌ಸ್ಟಾರ್ಟ್‌ನಲ್ಲಿ, ಅಂದರೆ ಅದು ತೆರೆಗೆ ಬರುವಾಗ ಓಡುವ ಕೋಡ್‌ನಲ್ಲಿ, ಅಗಲ, ಎತ್ತರ ಎರಡಕ್ಕೂ ಮ್ಯಾಚ್ ಪೇರೆಂಟ್ ಕೊಟ್ಟರೆ ಆಯಿತು. ಆದರೂ ಸುತ್ತ ಅಂಚು ಉಳಿಯುತ್ತದೆ, ಯಾಕಂದ್ರೆ ಡೈಲಾಗ್‌ನ ಹಿನ್ನೆಲೆ ಚಿತ್ರದಲ್ಲೇ ಇನ್‌ಸೆಟ್ (ಅಂಚಿನ ಖಾಲಿ ಜಾಗ) ಸೇರಿದೆ. ಅದನ್ನೂ ಬದಲಿಸಬೇಕು. ಸೆಟ್‌ಲೇಔಟನ್ನು ವಿಂಡೋ ಸಿದ್ಧವಾಗುವ ಮೊದಲೇ ಬರೆದರೆ ಫ್ರೇಮ್‌ವರ್ಕ್ ನಿಮ್ಮ ಅಳತೆಯನ್ನು ಅಳಿಸಿ ಮತ್ತೆ ವ್ರ್ಯಾಪ್ ಕಂಟೆಂಟ್ (ಒಳಗಿನ ವಿಷಯದಷ್ಟೇ ಅಳತೆ) ಮಾಡಿಬಿಡುತ್ತದೆ. ಡೆಮೊಗೆ ಸಾಕು, ಅಷ್ಟೇ.

ನನಗೆ ಹಿಡಿಸಿದ್ದು ಥೀಮ್ ದಾರಿ. ಸ್ವಂತ ಸ್ಟೈಲ್ ಬರೆದು, ಅದರಲ್ಲಿ ವಿಂಡೋ ಈಸ್ ಫ್ಲೋಟಿಂಗ್ (ವಿಂಡೋ ತೇಲುವ ಡಬ್ಬಿಯಾಗಿರಬೇಕಾ) ಅನ್ನುವುದಕ್ಕೆ ಫಾಲ್ಸ್ ಕೊಟ್ಟು, ಆನ್‌ಕ್ರಿಯೇಟ್‌ನಲ್ಲಿ ಸೆಟ್‌ಸ್ಟೈಲ್ ಮಾಡಿದರೆ ವಿಂಡೋ ತಾನಾಗಿಯೇ ಪೂರ್ತಿ ತುಂಬುತ್ತದೆ. ಇಲ್ಲಿ ಜಾಸ್ತಿ ಜನ ಸ್ವಂತ ಸ್ಟೈಲ್ ಬರೆಯುವ ಬದಲು ಸಿಸ್ಟಮ್‌ನ ರೆಡಿಮೇಡ್ ‘ಬ್ಲ್ಯಾಕ್ ನೋ ಟೈಟಲ್‌ಬಾರ್ ಫುಲ್‌ಸ್ಕ್ರೀನ್’ ಥೀಮನ್ನು ಎತ್ತಿ ಹಾಕುತ್ತಾರೆ. ದಯವಿಟ್ಟು ಬೇಡ. ಅದು ಸ್ಟೇಟಸ್ ಬಾರನ್ನೇ ಮರೆಮಾಡುತ್ತದೆ, ಫಾರ್ಮ್ ತುಂಬುವವನಿಗೆ ಗಡಿಯಾರ ಕಾಣಬಾರದು ಅಂತ ಯಾರು ಕೇಳಿದ್ದರು? ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ: ಫುಲ್‌ಸ್ಕ್ರೀನ್ ಫ್ಲ್ಯಾಗ್ ಇರುವ ವಿಂಡೋದಲ್ಲಿ ಅಡ್ಜಸ್ಟ್ ರೀಸೈಜ್ (ಕೀಬೋರ್ಡ್‌ಗೆ ಜಾಗ ಬಿಟ್ಟು ವಿಂಡೋ ಕುಗ್ಗಿಸುವ ಸೆಟ್ಟಿಂಗ್) ಕೆಲಸ ಮಾಡುವುದಿಲ್ಲ, ಹಾಗಾಗಿ ಕೀಬೋರ್ಡ್ ಮೇಲೆ ಬಂದಾಗ ವಿಂಡೋ ಕುಗ್ಗದೆ ‘ಉಳಿಸಿ’ ಬಟನ್ ಅದರ ಹಿಂದೆ ಮುಚ್ಚಿಹೋಗುತ್ತದೆ. ಆ ಫ್ಲ್ಯಾಗನ್ನು 2020ರ ಆಂಡ್ರಾಯ್ಡ್ 11ರಲ್ಲೇ ಹಳತು ಅಂತ ಗುರುತು ಹಾಕಿ ಆಗಿದೆ.

ಸ್ವಂತ ಸ್ಟೈಲ್‌ನಲ್ಲೂ ಕಿರಿಕಿರಿ ಇಲ್ಲ ಅಂತಲ್ಲ. ಡೈಲಾಗ್‌ದು ಬೇರೆ ವಿಂಡೋ, ಆದ್ದರಿಂದ ಸ್ಟೇಟಸ್ ಬಾರ್ ಐಕಾನ್ ಬಣ್ಣವನ್ನೂ ಅದಕ್ಕೆ ಬೇರೆಯಾಗಿ ಹೇಳಬೇಕು, ಇಲ್ಲದಿದ್ದರೆ ಬಿಳಿ ಹಿನ್ನೆಲೆಯ ಮೇಲೆ ಬಿಳಿ ಐಕಾನ್. ಟಾರ್ಗೆಟ್ ಎಸ್‌ಡಿಕೆ (ಆ್ಯಪ್ ಯಾವ ಆಂಡ್ರಾಯ್ಡ್ ಆವೃತ್ತಿಗೆ ಅಂತ ಹೇಳುವ ಸಂಖ್ಯೆ) 35 ಮಾಡಿದರೆ ಆಂಡ್ರಾಯ್ಡ್ 15ರಲ್ಲಿ ಎಡ್ಜ್ ಟು ಎಡ್ಜ್ (ಸಿಸ್ಟಮ್ ಬಾರ್‌ಗಳ ಹಿಂದಕ್ಕೂ ಪುಟ ಹರಡುವುದು) ಕಡ್ಡಾಯ. ತಲೆಬರಹ ಸ್ಟೇಟಸ್ ಬಾರ್ ಹಿಂದಕ್ಕೆ ನುಗ್ಗುತ್ತದೆ. ಇದರಿಂದ ತಪ್ಪಿಸಿಕೊಳ್ಳಲು ಒಂದು ಆಯ್ಕೆ ಇತ್ತು, ಟಾರ್ಗೆಟ್ 36 ಆದಮೇಲೆ ಆಂಡ್ರಾಯ್ಡ್ 16ರಲ್ಲಿ ಅದೂ ನಡೆಯುವುದಿಲ್ಲ. ಈಗಲೇ ಇನ್‌ಸೆಟ್ಸ್ (ಇಲ್ಲಿ, ಸಿಸ್ಟಮ್ ಬಾರ್‌ಗಳು ಹಿಡಿಯುವ ಜಾಗ) ಲೆಕ್ಕ ಹಾಕಿ ಪ್ಯಾಡಿಂಗ್ ಕೊಡಿ.

ಡೈಲಾಗ್‌ಫ್ರಾಗ್ಮೆಂಟನ್ನು ಡೈಲಾಗ್ ಆಗಿ ತೋರಿಸದೆ ಮಾಮೂಲಿ ಫ್ರಾಗ್ಮೆಂಟ್ (ಪುಟದೊಳಗಿನ ಒಂದು ಭಾಗ) ಹಾಗೆ ಆಡ್ ಮಾಡುವುದು ಇನ್ನೊಂದು ದಾರಿ. ಟ್ಯಾಬ್ಲೆಟ್‌ನಲ್ಲಿ ಪುಟ್ಟ ಡೈಲಾಗ್, ಫೋನ್‌ನಲ್ಲಿ ಪೂರ್ತಿ ಪುಟ ಬೇಕಿದ್ದರೆ ಒಂದೇ ಕ್ಲಾಸ್ ಎರಡಕ್ಕೂ ಆಗುತ್ತದೆ. ಫೋನ್ ಒಂದಕ್ಕೇ ಆದರೆ ಸುಮ್ನೆ ತಲೆನೋವು. ಬ್ಯಾಕ್ ಒತ್ತಿದರೆ ಮುಚ್ಚಲು ಬ್ಯಾಕ್‌ಸ್ಟ್ಯಾಕ್‌ಗೆ (ಹಿಂದಕ್ಕೆ ಹೋಗುವ ಕ್ರಮದ ಪಟ್ಟಿ) ಸೇರಿಸಬೇಕು, ಖಾಲಿ ಜಾಗ ಒತ್ತಿದರೆ ಸ್ಪರ್ಶ ಹಿಂದಿನ ಪುಟಕ್ಕೆ ದಾಟಬಹುದು, ಡೈಲಾಗ್ ಇದ್ದೇ ಇರುತ್ತದೆ ಅಂತ ನಂಬಿ ಬರೆದ ಕೋಡ್ ಕ್ರ್ಯಾಶ್ ಆಗುತ್ತದೆ.

ಆಂಡ್ರಾಯ್ಡ್‌ನ ಹೊಸ ಯುಐ ಟೂಲ್‌ಕಿಟ್ ಕಂಪೋಸ್‌ನಲ್ಲಿ ಕೆಲಸ ಕಮ್ಮಿ. ಡೈಲಾಗ್ ಪ್ರಾಪರ್ಟೀಸ್‌ನಲ್ಲಿ ಯೂಸ್ ಪ್ಲಾಟ್‌ಫಾರ್ಮ್ ಡೀಫಾಲ್ಟ್ ವಿಡ್ತ್‌ಗೆ ಫಾಲ್ಸ್ ಕೊಡದೆ ಬರೀ ಫಿಲ್ ಮ್ಯಾಕ್ಸ್ ಸೈಜ್ ಹಾಕಿದರೆ ಅಗಲ ತುಂಬುವುದಿಲ್ಲ, ಎರಡೂ ಬೇಕು. ಬಾರ್‌ಗಳ ಹಿಂದೆಯೂ ಬಣ್ಣ ಹರಡಬೇಕಾದರೆ ಡೆಕೋರ್ ಫಿಟ್ಸ್ ಸಿಸ್ಟಮ್ ವಿಂಡೋಸ್ ಕೂಡ ಫಾಲ್ಸ್ ಮಾಡಿ, ಕೀಬೋರ್ಡ್‌ಗೆ ಐಎಂಇ ಪ್ಯಾಡಿಂಗ್ ಕೊಡಿ. ಹೊಸ ಆ್ಯಪ್ ಆದರೆ ನಾನು ಇದನ್ನೇ ಆರಿಸುತ್ತೇನೆ. ಕಂಪೋಸ್ ಇಲ್ಲದ ಹಳೆಯ ವ್ಯೂ ಕೋಡ್‌ಗೆ ಥೀಮ್. ಫಾರ್ಮ್ ನಾಲ್ಕೈದು ಹಂತಕ್ಕೆ ಬೆಳೆಯುವ ಲಕ್ಷಣ ಇದ್ದರೆ ಎರಡೂ ಬಿಟ್ಟು ಬೇರೆ ಸ್ಕ್ರೀನೇ ಮಾಡಿಬಿಡಿ.