ಸೆಲ್ಫ್ ವಾಟರಿಂಗ್ ಪಾಟ್: ಕೊಳ್ಳಬಹುದು, ಆದರೆ ಸದಾ ತುಂಬಿಡಬೇಡಿ

ಬತ್ತಿಯಿರುವ ಸೆಲ್ಫ್ ವಾಟರಿಂಗ್ ಪಾಟುಗಳು ಈಗ ನರ್ಸರಿಯಲ್ಲೂ ಆನ್‌ಲೈನ್‌ನಲ್ಲೂ ಸಲೀಸಾಗಿ ಸಿಗುತ್ತವೆ. ಇಲ್ಲಿ ಹೇಳುತ್ತಿರುವುದು 8 ಇಂಚಿನ ಪ್ಲಾಸ್ಟಿಕ್ ಪಾಟಿನ ಬಗ್ಗೆ. ಮಣ್ಣಿಗೆ ಒಳಪಾಟು, ನೀರಿಗೆ ಹೊರಪಾಟು, ನಡುವೆ ನೀರನ್ನು ಮಣ್ಣಿಗೆ ಎಳೆದುಕೊಡುವ ಬತ್ತಿ, ನೀರಿನ ಮಟ್ಟ ತೋರಿಸಲು ತೇಲುವ ಕಡ್ಡಿ.

ದಿನವೂ ಮೇಲಿಂದ ಅರ್ಧ ಲೋಟ ನೀರು ಚಿಮುಕಿಸಿದರೆ ಮೇಲಿನ ಒಂದೆರಡು ಇಂಚು ಮಣ್ಣಷ್ಟೇ ನೆನೆಯುತ್ತದೆ, ಬೇರೂ ಅಲ್ಲೇ ಸುತ್ತಾಡುತ್ತದೆ. ಈ ಪಾಟಿನಲ್ಲಿ ತೇವ ಕೆಳಗಿನಿಂದ ಬರುವುದರಿಂದ ಬೇರು ಆಳಕ್ಕಿಳಿಯುತ್ತದೆ. ಹೊಸ ಗಿಡದ ಬೇರು ಅಲ್ಲಿಗೆ ಮುಟ್ಟುವ ತನಕ, ಅಂದರೆ ಮೊದಲ ಎರಡು ಮೂರು ವಾರ, ಮೇಲಿಂದಲೇ ನೀರು ಹಾಕಬೇಕು. ಡಬ್ಬದೊಳಗಿನ ಚೀಟಿಯಲ್ಲಿ ಇದರ ಸುದ್ದಿಯೇ ಇಲ್ಲ!

ಬರೀ ಕೆಂಪು ಮಣ್ಣು ತುಂಬಿದರೆ ದುಡ್ಡು ದಂಡ. ಅದು ನೀರು ಕುಡಿದು ಅಂಟಿಕೊಂಡು ಕೂರುತ್ತದೆ, ಗಾಳಿಯಾಡುವುದಿಲ್ಲ. ಬೇರು ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಸಿಪ್ಪೆ ಕಳಚಿ ಬರುತ್ತದೆ. ಎರಡು ಪಾಲು ಕೊಕೊಪೀಟ್ (ತೆಂಗಿನ ನಾರಿನ ಪುಡಿ), ತಲಾ ಒಂದು ಪಾಲು ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಮತ್ತು ಎರೆಗೊಬ್ಬರ ಸರಿಹೋಗುತ್ತದೆ. ಕೊಕೊಪೀಟನ್ನು ನೆನೆಸಿ ಎರಡು ಸಲ ತೊಳೆದು ಹಿಂಡಿ, ಉಪ್ಪಿನಂಶ ಹೋಗಲಿ. ಬತ್ತಿಯನ್ನು ಮೊದಲೇ ಒದ್ದೆ ಮಾಡಿ, ಮಿಶ್ರಣದೊಳಗೆ ಮೂರು ಇಂಚು ಮೇಲೇರುವಂತೆ ಹೂಳಿ. ಒಣ ಬತ್ತಿ ಸುಲಭವಾಗಿ ನೀರೆಳೆಯುವುದಿಲ್ಲ. ಹತ್ತಿ ಬತ್ತಿ ಬೇಗ ಕೊಳೆಯುತ್ತದೆ, ಹೆಣೆದ ನೈಲಾನ್ ಹಗ್ಗ ವಾಸಿ.

ಕಡ್ಡಿ ಕೆಳಗಿಳಿದ ತಕ್ಷಣ ಓಡಿಹೋಗಿ ತುಂಬುವವರೇ ಜಾಸ್ತಿ. ಗಿಡ ಕೊಳೆಯುವುದು ಅಲ್ಲೇ. ನೀರು ಖಾಲಿಯಾದ ಮೇಲೆ ಎರಡು ದಿನ ಬಿಡಿ, ಬಿರುಬೇಸಿಗೆಯಲ್ಲಿ ಒಂದೇ ದಿನ ಸಾಕು. ಬೆರಳನ್ನು ಎರಡು ಇಂಚು ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ತುಂಬಿ. ಆ ಬಿಡುವಿನಲ್ಲೇ ಬೇರಿಗೆ ಗಾಳಿ ಸಿಗುವುದು.

ಬೋರ್‌ವೆಲ್ ನೀರಾದರೆ ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಮೇಲೇರಿದ ನೀರು ಆವಿಯಾಗಿ ಲವಣ ಅಲ್ಲೇ ಉಳಿಯುವುದರಿಂದ ಹೀಗೆ. ತಿಂಗಳಿಗೊಮ್ಮೆ ಒಳಪಾಟನ್ನು ಎತ್ತಿ ಬಚ್ಚಲಲ್ಲಿಟ್ಟು, ಮೇಲಿಂದ ನಾಲ್ಕೈದು ಲೀಟರ್ ನೀರು ನಿಧಾನವಾಗಿ ಹರಿಸಿ.

ಕೊಳ್ಳುವಾಗ ನೀರು ಹಾಕುವ ಬಾಯಿಗೆ ಮುಚ್ಚಳ ಇದೆಯೇ ನೋಡಿ. ಡೆಂಗಿ ಸೊಳ್ಳೆಗೆ ಇಂಥ ನಿಂತ ನೀರೇ ಬೇಕು. ಹೊರಪಾಟಿನ ಪಕ್ಕದಲ್ಲಿ ಹೆಚ್ಚುವರಿ ನೀರು ಹೋಗಲು ತೂತಿಲ್ಲದ್ದನ್ನು ಮಳೆಗಾಲದಲ್ಲಿ ಹೊರಗಿಡುವಂತಿಲ್ಲ.

ಪುದೀನ, ಪೀಸ್ ಲಿಲಿ, ಮನಿ ಪ್ಲಾಂಟ್‌ಗಳಿಗೆ ಧಾರಾಳವಾಗಿ ಕೊಳ್ಳಿ. ಜೇಡ್, ಸ್ನೇಕ್ ಪ್ಲಾಂಟ್, ಕಳ್ಳಿ ಜಾತಿಗೆ ಬೇಡವೇ ಬೇಡ, ಅವಕ್ಕೆ ತಳದಲ್ಲಿ ತೂತಿರುವ ಮಣ್ಣಿನ ಕುಂಡ ಸಾಕು.