ಪೋರ್ಟೊ ರಿಕೊ, ಬಾರ್ಬಡೋಸ್: ಅಪ್ಪ-ಅಮ್ಮನ ಜೊತೆ ಹೋಗಲು ಯಾವುದು ಮೇಲು?

ನ್ಯೂಜೆರ್ಸಿಯ ಜನವರಿ ಚಳಿ ಮಂಡ್ಯದಿಂದ ಬರುವ ಅಪ್ಪ-ಅಮ್ಮನಿಗೆ ಒಗ್ಗುವುದಿಲ್ಲ. ಅದಕ್ಕೇ ಅವರು ಬಂದಾಗ ಒಂದು ವಾರ ಬಿಸಿಲಿರುವ ಕಡೆ ಹೋಗುತ್ತೇವೆ. 2024ರ ಜನವರಿಯಲ್ಲಿ ಪೋರ್ಟೊ ರಿಕೊ, ಮರುವರ್ಷ ಅದೇ ತಿಂಗಳು ಬಾರ್ಬಡೋಸ್. ಜೊತೆಗೆ ಹೆಂಡತಿ, ಆರು ವರ್ಷದ ಮಗ. ಎರಡೂ ಕೆರಿಬಿಯನ್ ದ್ವೀಪಗಳೇ, ಆದರೆ ವಯಸ್ಸಾದವರನ್ನು ಕರೆದುಕೊಂಡು ಹೋದಾಗ ಒಂದಕ್ಕೂ ಇನ್ನೊಂದಕ್ಕೂ ಅಜಗಜಾಂತರ.

ಮೊದಲು ಕಾಗದಪತ್ರ. ಪೋರ್ಟೊ ರಿಕೊ ಅಮೆರಿಕಕ್ಕೆ ಸೇರಿದ ಪ್ರದೇಶ. ನೆವಾರ್ಕ್‌ನಿಂದ ಸಾನ್ ಹುವಾನ್‌ಗೆ ಸುಮಾರು ನಾಲ್ಕು ಗಂಟೆ, ದೇಶದೊಳಗಿನ ವಿಮಾನದಂತೆಯೇ ಹತ್ತಿ ಇಳಿಯುವುದು. ಪಾಸ್‌ಪೋರ್ಟಿನಲ್ಲಿರುವ ಎಚ್-1ಬಿ ಕೆಲಸದ ವೀಸಾ ಮುದ್ರೆಯ (ಸ್ಟಾಂಪಿಂಗ್) ಅವಧಿ ಮುಗಿದಿದೆ, ಹೊರಗೆ ಹೋದರೆ ವಾಪಸ್ ಬರುವುದು ಹೇಗೆ ಎಂಬ ಚಿಂತೆಯಿರುವವರು ಮುಂದೆ ಓದುವುದೇ ಬೇಡ, ಪೋರ್ಟೊ ರಿಕೊಗೆ ಟಿಕೆಟ್ ಮಾಡಿ. ಬಾರ್ಬಡೋಸ್‌ಗೆ ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಪ್ರವಾಸಕ್ಕೆ ವೀಸಾ ಬೇಕಿಲ್ಲ. ಆದರೆ ಅದು ಬೇರೆ ದೇಶ. ಮರಳಿ ಬರುವಾಗ ಅಮೆರಿಕದ ವೀಸಾ ಸರಿಯಾಗಿರಬೇಕು. ನಮ್ಮದೂ ಅಪ್ಪ-ಅಮ್ಮನದೂ ಸರಿಯಿದ್ದದ್ದರಿಂದ ಧೈರ್ಯ ಮಾಡಿದೆವು.

ಪೋರ್ಟೊ ರಿಕೊದಲ್ಲಿ ನೋಡುವುದಕ್ಕೆ ಬೇಕಾದಷ್ಟಿದೆ. ಎಲ್ ಯುಂಕೆ ಮಳೆಕಾಡು ನಮ್ಮ ಆಗುಂಬೆಯನ್ನೇ ನೆನಪಿಸುತ್ತದೆ. ಹಳೇ ಸಾನ್ ಹುವಾನ್‌ನ ಬೀದಿಗಳಿಗೆ ನೀಲಿ ಛಾಯೆಯ ಕಲ್ಲು ಹಾಸಿದ್ದಾರೆ, ಸಮುದ್ರದ ತುದಿಗೆ ಸ್ಪೇನಿನವರು 1539ರಲ್ಲಿ ಕಟ್ಟಲು ಶುರುಮಾಡಿದ ಎಲ್ ಮೊರೊ ಕೋಟೆ. ಅದರ ಮುಂದಿನ ಹುಲ್ಲುಬಯಲಿನಲ್ಲಿ ಅಪ್ಪ, ಮಗ ಇಬ್ಬರೂ ಗಾಳಿಪಟ ಹಾರಿಸಿದರು. ಆದರೆ ಆ ಏರುಬೀದಿಗಳು ಅಮ್ಮನ ಮಂಡಿನೋವಿಗೆ ಆಗದ ಮಾತು. ಎರಡನೇ ತಿರುವಿನಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

ಆ ಪ್ರವಾಸದಲ್ಲಿ ಮರೆಯಲಾಗದ್ದು ಫಹಾರ್ಡೊ ಊರಿನ ಹೊಳೆಯುವ ಹಿನ್ನೀರು. ನೀರಿನಲ್ಲಿರುವ ಸೂಕ್ಷ್ಮಜೀವಿಗಳು ಅಲುಗಾಡಿಸಿದರೆ ಬೆಳಕು ಬಿಡುತ್ತವೆ. ಬೆಳದಿಂಗಳಿದ್ದರೆ ಅದು ಕಾಣುವುದೇ ಕಷ್ಟ. ಅಮ್ಮ ಪಂಚಾಂಗ ನೋಡಿ, ಜನವರಿ 11ಕ್ಕೆ ಅಮಾವಾಸ್ಯೆ, ಮರುದಿನ ಹೋಗಿ ಎಂದರು. ಹಾಗೇ ಮಾಡಿದೆವು. ಕಾಂಡ್ಲಾ ಮರಗಳ ನಡುವಿನ ಕತ್ತಲ ಕಾಲುವೆಯಲ್ಲಿ ಸಣ್ಣ ದೋಣಿ ಹೊಕ್ಕಿತು. ಹುಟ್ಟು ಹಾಕಿದೆ, ತುದಿಯಿಂದ ನೀಲಿ ಬೆಳಕು ಸುರಿಯಿತು. ಮಗ ಬೊಗಸೆಯಲ್ಲಿ ನೀರೆತ್ತಿದ, ಬೆರಳ ಸಂದಿಯಿಂದ ಕಿಡಿ ಜಾರಿದವು. ಅಮಾವಾಸ್ಯೆಯ ಲೆಕ್ಕ ಹಾಕಿಕೊಟ್ಟ ಅಮ್ಮ ಮಾತ್ರ ದೋಣಿಯಲ್ಲಿ ಕಾಲು ಚಾಚಿ ಕೂರಲಾಗದೆ ದಡದಲ್ಲೇ ಉಳಿದರು. ಅದು ನನಗೆ ಇವತ್ತಿಗೂ ಕೊರಗು.

ಊಟದಲ್ಲೂ ಅಮ್ಮನಿಗೇ ತೊಂದರೆ. ಬಾಳೆಕಾಯಿ ಕುಟ್ಟಿ ಮಾಡುವ ಮೊಫೊಂಗೊಗೆ ಹಂದಿಯ ಚರ್ಮ ಹುರಿದು ಸೇರಿಸುತ್ತಾರೆ, ಬೀನ್ಸ್ ಕಾಳಿನ ಸಾರಿಗೂ ಎಷ್ಟೋ ಕಡೆ ಹಂದಿಮಾಂಸ ಹಾಕಿರುತ್ತಾರೆ. ಸ್ಪ್ಯಾನಿಷ್ ಬಾರದ ನಾವು ಪ್ರತಿ ಹೋಟೆಲಿನಲ್ಲೂ ವಿಚಾರಿಸಿ ವಿಚಾರಿಸಿ ಸುಸ್ತಾದೆವು. ಕೊನೆಗೆ ಬಾಡಿಗೆ ಮನೆಯಲ್ಲಿ ಚಿತ್ರಾನ್ನವೇ ಗತಿಯಾಯಿತು. ಒಂದು ರಾತ್ರಿ ಕರೆಂಟೂ ಹೋಯಿತು. 2017ರ ಮರಿಯಾ ಚಂಡಮಾರುತದ ನಂತರ ಅಲ್ಲಿನ ವಿದ್ಯುತ್ ವ್ಯವಸ್ಥೆ ಪೂರ್ತಿ ಚೇತರಿಸಿಕೊಂಡಿಲ್ಲ. ಕತ್ತಲಲ್ಲಿ ಕೊಕೀ ಎಂಬ ಪುಟ್ಟ ಕಪ್ಪೆಗಳು 'ಕೊಕೀ, ಕೊಕೀ' ಎಂದು ಬೆಳಗಿನವರೆಗೂ ಕೂಗಿದವು.

ಬಾರ್ಬಡೋಸ್‌ನಲ್ಲಿ ಈ ಪಾಡು ಪಡಲಿಲ್ಲ. ಇಂಗ್ಲಿಷ್ ಮಾತಾಡುವ ಊರು. ವಾಹನಗಳು ನಮ್ಮಲ್ಲಿಯಂತೆ ರಸ್ತೆಯ ಎಡಕ್ಕೆ. ಬಸ್ಸಿಗೆ ಎಷ್ಟು ದೂರ ಹೋದರೂ ಒಂದೇ ದರ, ನಾವು ಹೋದಾಗ ಮೂರೂವರೆ ಬಾರ್ಬಡೋಸ್ ಡಾಲರ್. ಎರಡು ಬಾರ್ಬಡೋಸ್ ಡಾಲರಿಗೆ ಒಂದು ಅಮೆರಿಕನ್ ಡಾಲರ್ ಎಂದು ನಿಗದಿಯಾಗಿದೆ, ಲೆಕ್ಕ ಸುಲಭ. ಬಸ್ ಹತ್ತುವವರು ಒಳಗಿದ್ದವರಿಗೆಲ್ಲ 'ಗುಡ್ ಮಾರ್ನಿಂಗ್' ಹೇಳುತ್ತಾರೆ. ಎರಡನೇ ದಿನದಿಂದ ಅಪ್ಪನೂ ಶುರುಮಾಡಿದರು.

ಅಲ್ಲಿನ ಕೂಕೂ ಎಂಬ ಅಡುಗೆಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಬೆಂಡೆಕಾಯಿ ಬೇಯಿಸಿದ ನೀರಿಗೆ ಮುಸುಕಿನ ಜೋಳದ ಹಿಟ್ಟು ಹಾಕಿ, ಚಪ್ಪಟೆ ಮರದ ಕೋಲಿನಿಂದ ಗಂಟಾಗದಂತೆ ತಿರುವುತ್ತಾರೆ. ಅಂಗಡಿಯ ಹೆಂಗಸು ಪಾತ್ರೆಯನ್ನು ಒತ್ತಿ ಹಿಡಿದು ತಿರುವುತ್ತಿದ್ದುದನ್ನು ಕಂಡ ಅಪ್ಪ, "ಇದು ಮುದ್ದೆ ಕಣೋ!" ಎಂದು ಎದ್ದೇ ನಿಂತರು. ಜೊತೆಗೆ ಕೊಡುವುದು ಮೀನಿನ ಸಾರು. ಅಮ್ಮನಿಗೆ ಅದು ಬೇಡವೆಂದಾಗ ಬರೀ ತರಕಾರಿ ಗೊಜ್ಜು ಹಾಕಿಕೊಟ್ಟರು. ಕುಂದಾಪುರದ ನನ್ನ ಹೆಂಡತಿಗೆ ಸಿಕ್ಕಿದ್ದು ಜೀಗುಜ್ಜೆ, ಅಂದರೆ ದೀವಿ ಹಲಸು. ಅಲ್ಲಿ ಅದನ್ನು ಕೆಂಡದಲ್ಲಿ ಸುಟ್ಟು ತಿನ್ನುತ್ತಾರೆ.

ಪಶ್ಚಿಮದ ಕಡಲು ಕೆರೆಯಷ್ಟು ಶಾಂತ. ಪೂರ್ವದ ಬತ್‌ಶೀಬಾದಲ್ಲಿ ಅಟ್ಲಾಂಟಿಕ್‌ನ ಅಲೆಗಳ ಅಬ್ಬರ ಜೋರು, ಅಲ್ಲಿ ಈಜಬಾರದು, ನೋಡಿ ಬರಬೇಕು. ಬ್ರಿಡ್ಜ್‌ಟೌನ್ ಪಕ್ಕದ ಕಾರ್ಲೈಲ್ ಕೊಲ್ಲಿಯಲ್ಲಿ ಅಮ್ಮ ಸೀರೆ ಎತ್ತಿಕಟ್ಟಿ, ನನ್ನ ಕೈ ಹಿಡಿದು, ಜೀವಮಾನದಲ್ಲಿ ಮೊದಲ ಸಲ ಸೊಂಟದವರೆಗೆ ಸಮುದ್ರದಲ್ಲಿ ನಿಂತರು. ಮಾರು ದೂರದಲ್ಲಿ ಆಮೆಯೊಂದು ತಲೆ ಎತ್ತಿ ಉಸಿರೆಳೆದು ಮುಳುಗಿತು. ಅಮ್ಮ ಮಾತಾಡಲಿಲ್ಲ, ಕೈ ಮಾತ್ರ ಬಿಗಿಯಾಯಿತು.

ಕೆನ್ಸಿಂಗ್ಟನ್ ಓವಲ್‌ಗೂ ಹೋದೆವು. 2024ರ ಜೂನ್ 29ರಂದು ಭಾರತ ದಕ್ಷಿಣ ಆಫ್ರಿಕಾವನ್ನು 7 ರನ್‌ಗಳಿಂದ ಸೋಲಿಸಿ ಟಿ20 ವಿಶ್ವಕಪ್ ಗೆದ್ದ ಮೈದಾನ. ಸೂರ್ಯಕುಮಾರ್ ಆ ಕ್ಯಾಚ್ ಹಿಡಿದದ್ದನ್ನು ಅಪ್ಪ ಮೊಮ್ಮಗನಿಗೆ ಅಭಿನಯಿಸಿ ತೋರಿಸಿದರು. ನಮ್ಮ ದ್ರಾವಿಡ್ ಕೋಚ್ ಆಗಿ ಕಪ್ ಎತ್ತಿದ್ದು ಇಲ್ಲೇ ಎನ್ನುವಾಗ ಅವರ ದನಿ ಗದ್ಗದವಾಯಿತು.

ಬಾರ್ಬಡೋಸ್‌ಗೆ ಹೊರಡುವವರಿಗೆ ಎರಡು ಎಚ್ಚರಿಕೆ. ಸೈನಿಕರ ಸಮವಸ್ತ್ರದ ಚಿತ್ತಾರವಿರುವ ಬಟ್ಟೆ ಅಲ್ಲಿ ಕಾನೂನುಬಾಹಿರ, ಮಕ್ಕಳಿಗೂ ವಿನಾಯಿತಿಯಿಲ್ಲ. ಮಗನ ಚಡ್ಡಿಯೊಂದನ್ನು ಪೆಟ್ಟಿಗೆಯಿಂದ ತೆಗೆದಿಟ್ಟೇ ಹೊರಟೆವು. ಇನ್ನೊಂದು, ಕಡಲತೀರದ ಮಂಚಿನೀಲ್ ಮರ. ಹಣ್ಣು ವಿಷ, ಮಳೆ ಬಂದಾಗ ಅದರಡಿ ನಿಂತರೆ ತೊಟ್ಟಿಕ್ಕುವ ನೀರಿಗೇ ಮೈ ಬೊಬ್ಬೆ ಏಳುತ್ತದೆ. ಎಷ್ಟೋ ಮರಗಳ ಬೊಡ್ಡೆಗೆ ಕೆಂಪು ಪಟ್ಟೆ ಬಳಿದಿರುತ್ತಾರೆ, ಮಕ್ಕಳಿಗೆ ಮೊದಲೇ ತೋರಿಸಿ.

ಖರ್ಚಿನಲ್ಲಿ ಪೋರ್ಟೊ ರಿಕೊ ನಮಗೆ ಅಗ್ಗವಾಯಿತು. ಬಾರ್ಬಡೋಸ್‌ನಲ್ಲಿ ಬಹಳಷ್ಟು ದಿನಸಿ ಹೊರಗಿನಿಂದ ಬರುವುದರಿಂದ ಹಾಲು, ಮೊಸರಿಗೂ ಕೈ ಬಿಗಿಹಿಡಿಯಬೇಕಾಯಿತು. ಗಂಡ-ಹೆಂಡತಿ ಇಬ್ಬರೇ, ನಡೆಯುವ ಕಾಲಿದೆ ಎಂದರೆ ನಾನು ಪೋರ್ಟೊ ರಿಕೊವನ್ನೇ ಹೇಳುತ್ತೇನೆ. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ, ಆಗ ಎರಡೂ ಬೇಡ. ಅಪ್ಪ-ಅಮ್ಮ ಮುಂದಿನ ಸಲ ಬಂದಾಗ ಮಾತ್ರ ಬಾರ್ಬಡೋಸ್‌ಗೇ. ಆಮೆಯನ್ನು ಇನ್ನೊಮ್ಮೆ ನೋಡಬೇಕು ಎಂದು ಅಮ್ಮ ಫೋನಿನಲ್ಲಿ ಎರಡು ಸಲ ಹೇಳಿಯಾಗಿದೆ.